ಮಾತಿಲ್ಲದ ದೃಶ್ಯಕ್ಕೆ ಸಂಭಾವನೆ

ಮೂರು ವರ್ಷಗಳ ಹಿಂದೆ ನಾನು ಒಂದು ಹಾಸ್ಯ ಧಾರಾವಾಹಿಗೆ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೆ. ನಿರ್ಮಾಪಕರು ದಾವಣಗೆರೆಯವರು. ಬೆಂಗಳೂರಿಗಿಂತ ಖರ್ಚು ಕಡಿಮೆಯೆಂದು ಊರಲ್ಲೇ ಒಂದು ಮನೆ ಬಾಡಿಗೆಗೆ ಹಿಡಿದು ಚಿತ್ರೀಕರಣ ನಡೆಸುತ್ತಿದ್ದರು. ಕಲಾವಿದರ ಕರಾರು, ಕಾಲ್‌ಶೀಟ್, ಸಂಭಾವನೆ ನನ್ನ ಜವಾಬ್ದಾರಿ.

ನಾಯಕ ವಿನಯ್ ಬೆಂಗಳೂರಿನ ನಟ. ಅವರಿಗೆ ಎಪಿಸೋಡಿಗೆ ಹನ್ನೆರಡು ಸಾವಿರ. ಪಕ್ಕದ ಮನೆಯ ಹೆಂಗಸಿನ ಪಾತ್ರ ಹರಿಹರದ ಗಿರಿಜಮ್ಮನವರದು. ಅವರಿಗೆ ದಿನಕ್ಕೆ ಎರಡು ಸಾವಿರ. ನಾಯಕನಿಗೆ ಎಪಿಸೋಡಿನ ಲೆಕ್ಕ, ಪೋಷಕ ಕಲಾವಿದರಿಗೆ ದಿನದ ಲೆಕ್ಕ ಎಂಬುದು ನಮ್ಮಲ್ಲಿನ ರೂಢಿ. ಐದು ಎಪಿಸೋಡುಗಳಲ್ಲಿ ಬರುವ ಗಿರಿಜಮ್ಮನ ದೃಶ್ಯಗಳನ್ನೆಲ್ಲ ಒಟ್ಟು ಮಾಡಿ ಒಂದೇ ದಿನ ಮುಗಿಸುತ್ತಿದ್ದೆವು. ಅವರು ಐದು ಸೀರೆ ಬದಲಿಸಿ, ವಾರವಿಡೀ ಟಿ.ವಿ.ಯಲ್ಲಿ ಕಾಣಿಸಿಕೊಂಡು, ಒಂದು ದಿನದ ದುಡ್ಡು ಪಡೆಯುತ್ತಿದ್ದರು.

ಕಂಪನಿ ನಾಟಕಗಳಲ್ಲಿ ಬಹಳ ವರ್ಷ ಪಾತ್ರ ಮಾಡಿದವರು ಅವರು. ಕಂಪನಿ ನಿಂತ ಮೇಲೆ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಗಾರ್ಮೆಂಟ್ ಫ್ಯಾಕ್ಟರಿಯೊಂದರಲ್ಲಿ ಹೊಲಿಗೆಗೆ ಸೇರಿದ್ದರು. ಧಾರಾವಾಹಿಗಾಗಿ ಆ ಕೆಲಸ ಬಿಟ್ಟಿದ್ದರು. ಒಮ್ಮೆ ಊಟದ ಬಿಡುವಿನಲ್ಲಿ ನನ್ನ ಬಳಿ ಬಂದರು.

"ಸಾರ್, ರೇಟು ಏರಿಸೋದು ಬ್ಯಾಡ್ರಿ. ವಿನಯ್ ಅವರಂಗೆ ನನಗೂ ಎಪಿಸೋಡಿನ ಲೆಕ್ಕ ಹಾಕ್ರಿ. ತಿಂಗಳಿಗೆ ನಾಕು ದಿನ ಕರೀತೀರಿ, ಮನಿ ಹೆಂಗೆ ನಡೀಬೇಕು?"

ನಿರ್ಮಾಪಕರು ಒಪ್ಪಲಿಲ್ಲ. "ಇವರಿಗೆ ಕೊಟ್ರೆ ನಾಳೆ ಎಲ್ರೂ ಬಂದು ನಿಲ್ತಾರೆ. ಪಕ್ಕದ ಮನಿಯಾಕಿ ಮಗಳ ಮನಿಗೆ ಹೋದ್ಲು ಅಂತ ಕಥಿಯಾಗ ಬರೆಸಿಬಿಡ್ರಿ" ಎಂದರು. ಹಾಗೆಯೇ ಆಯಿತು. ಗಿರಿಜಮ್ಮ ಫ್ಯಾಕ್ಟರಿಗೆ ಮರಳಿದರು.

ಅವರಿಲ್ಲದ ಎಪಿಸೋಡುಗಳು ಸಪ್ಪೆಯಾದವು. ಚಾನೆಲ್‌ನವರು ಆಕ್ಷೇಪಿಸಿದರು. ಆಗ ವಿನಯ್ ಹಳೆಯ ಎಪಿಸೋಡುಗಳನ್ನು ಕೂತು ನೋಡಿ, ನಿರ್ಮಾಪಕರಿಗೆ ನೇರವಾಗಿ ಹೇಳಿದರು: "ನಾನು ಜೋಕ್ ಹೇಳಿದಾಗ ಯಾರೂ ನಗಲ್ಲ ಸರ್. ಆಮೇಲೆ ಗಿರಿಜಮ್ಮ ನನ್ನ ಕಡೆ ಒಂದು ನೋಟ ನೋಡ್ತಾರಲ್ಲ, ಆಗ ಜನ ನಗ್ತಾರೆ. ಅವರನ್ನ ಕರೆಸಿ." ತಮ್ಮ ಸಂಭಾವನೆಯಲ್ಲಿ ಒಂದಿಷ್ಟು ಬಿಟ್ಟುಕೊಡುವ ಮಾತನ್ನು ಅವರು ಆಡಲಿಲ್ಲ. ಅವರ ಕರಾರೂ ಆಗ ನವೀಕರಣಕ್ಕೆ ಬಂದಿತ್ತು; ಧಾರಾವಾಹಿ ನಿಂತರೆ ಅವರಿಗೂ ನಷ್ಟ.

ನಿರ್ಮಾಪಕರು ಗಿರಿಜಮ್ಮನಿಗಾಗಿ ಬರೆಸಿದ ಹೊಸ ಕರಾರು ಹಿಡಿದು ನಾನು ಫ್ಯಾಕ್ಟರಿಯ ಗೇಟಿಗೆ ಹೋದೆ. ಎಪಿಸೋಡಿಗೆ ಎರಡು ಸಾವಿರ, ಆದರೆ ಅವರ ಸಂಭಾಷಣೆ ಇರುವ ಎಪಿಸೋಡುಗಳಿಗೆ ಮಾತ್ರ ಎಂದಿತ್ತು. ಗಿರಿಜಮ್ಮ ನಿಂತಲ್ಲೇ ಓದಿದರು.

"ನಾನು ನೋಡಿದ್ರೆ ಜನ ನಗ್ತಾರೆ ಅಂತ ಕರಿಯಾಕ್ ಬಂದೀರಿ. ಮಾತಾಡಿದ್ರಷ್ಟೇ ರೊಕ್ಕ ಅಂತ ಬರದೀರಿ. ಯಾವುದು ಖರೇ ಸಾರ್?"

ನಾನು ಅಲ್ಲಿಂದಲೇ ನಿರ್ಮಾಪಕರಿಗೆ ಫೋನ್ ಮಾಡಿ ಗಿರಿಜಮ್ಮನ ಮಾತನ್ನು ಇದ್ದಂತೆಯೇ ಹೇಳಿದೆ. ನಿರ್ಮಾಪಕರು "ಆಯ್ತು, ಮುಖ ಕಂಡ ಎಪಿಸೋಡಿಗೆಲ್ಲ ಅಂತ ತಿದ್ರಿ" ಎಂದರು. ಗಿರಿಜಮ್ಮ ಸಹಿ ಹಾಕಿದರು. "ಇವತ್ತಿನ ಪಾಳಿ ಮುಗಿಸಿ ಬರ್ತೀನ್ರಿ" ಎಂದು ಒಳಗೆ ಹೋದರು.

ವಿನಯ್‌ಗೂ ಗಿರಿಜಮ್ಮನಿಗೂ ನಡುವೆ ಮೂವತ್ತು ಪಟ್ಟು ಇದ್ದ ಅಂತರ ಆರು ಪಟ್ಟಿಗೆ ಇಳಿಯಿತು, ಅಷ್ಟೇ. ಇನ್ನಿಬ್ಬರು ಪೋಷಕ ಕಲಾವಿದರು ಎಪಿಸೋಡಿನ ಲೆಕ್ಕ ಕೇಳಿದರು, ಅವರಿಗೂ ಸಿಕ್ಕಿತು. ಹಾಲಿನವನ ಪಾತ್ರದ ನಾಗಪ್ಪ ಕೇಳಲಿಲ್ಲ. ಧಾರಾವಾಹಿ ಮುಗಿಯುವವರೆಗೂ ದಿನದ ಲೆಕ್ಕದಲ್ಲೇ ಉಳಿದರು.

ಈಗ ಯಾವ ಕರಾರು ಬಂದರೂ ನಾನು ಮೊತ್ತಕ್ಕಿಂತ ಮೊದಲು ನೋಡುವುದು, ಯಾವುದನ್ನು ಕೆಲಸವೆಂದು ಎಣಿಸಿದ್ದಾರೆ ಎಂಬುದನ್ನು. ಸಹಿಗೆ ಮುನ್ನ ಅದನ್ನು ಕಲಾವಿದರಿಗೆ ಓದಿ ಹೇಳುತ್ತೇನೆ. ನಿರ್ಮಾಪಕರಿಗೆ ಅದು ಇಷ್ಟವಾಗುವುದಿಲ್ಲ.