ಸಂಘದ ಮನೆಯ ಬೀಗದಜ್ಜಿ

ಬೀದಿ ಗುಡಿಸುವವರ ಸಂಘದ ಹಳೆಯ ಮನೆಗೆ, ಅದರ ಬೀಗದ ಕೈ ಸೊಂಟದಲ್ಲಿಟ್ಟುಕೊಂಡ ಬೀಗದಜ್ಜಿಯೇ ಯಜಮಾನಿ. ಕೆಲಸದಿಂದ ನಿವೃತ್ತಳಾಗಿ ಹತ್ತು ವರ್ಷವಾದರೂ ಪೊರಕೆ ಅವಳ ಕೈಬಿಟ್ಟಿಲ್ಲ. ಅವಳಿಗೆ ಹೆದರಿ ಧೂಳು ಕಿಟಕಿಯವರೆಗೆ ಬಂದು ಹಾಗೇ ವಾಪಸು ಹೋಗುತ್ತದೆ. ಮಾಡು ಕುಸಿಯುತ್ತಿದೆ; ಯಾರ ಲೆಕ್ಕಕ್ಕೂ ಬಾರದವರ ಹಳೆಯ ಜಾಗಗಳನ್ನು ಉಳಿಸಲು ಸರ್ಕಾರ ಕೊಡುವ ಅನುದಾನ ಸಿಗದಿದ್ದರೆ ಮುಂದಿನ ಮಳೆಗೆ ಮನೆ ನಿಲ್ಲದು. “ಅತ್ತೆ, ಸಾಹೇಬ್ರು ಬಂದು ನೋಡೋವರ್ಗೂ ಏನೂ ತೊಳೀಬೇಡಿ, ಹಳೇದು ಹಳೇದಾಗೇ ಕಾಣ್ಲಿ” ಎಂದು ಸೊಸೆ ಗೋಗರೆದರೆ, “ಹಳೇದು ಅಂದ್ರೆ ಗಲೀಜೇನೇ? ನಿನ್ನ ಗಂಡನೂ ಹಳಬನಾದ, ಸ್ನಾನ ಬಿಡಿಸ್ತೀಯಾ?” ಎಂದು ಬಕೆಟ್ ಎತ್ತುತ್ತಾಳೆ. ಅನುದಾನದ ಸಾಹೇಬರು ಬಂದಾಗಲೂ ಮೊದಲು ಕಾಲೊರೆಸಿಕೊಳ್ಳಲು ಹೇಳಿದಳು, ಆಮೇಲೆ ಮಾತು. “ನೂರು ವರ್ಷದ ಮನೆ ಅನ್ನೋಕೆ ಒಂದಾದ್ರೂ ದಾಖಲೆ ಬೇಕಲ್ಲಮ್ಮ?” “ನಮ್ಮನ್ನ ಯಾರು ಬರೆದಿಡ್ತಿದ್ರು ಸ್ವಾಮಿ?” ಸಾಹೇಬರು ಪುಸ್ತಕ ಮುಚ್ಚಿ ಎದ್ದರು. ಅವರ ಕಾಲಿಗೆ ಸಿಕ್ಕಿ ಮೂಲೆಯ ಚಾಪೆ ಸರಿಯಿತು. ಕೆಳಗಿನ ಚಪ್ಪಡಿಯಲ್ಲಿ ಸವೆದು ಬಿದ್ದ, ಬೊಗಸೆಯಗಲದ ಎರಡು ಗುಳಿಗಳು. ಅಜ್ಜಿ ನಾಚಿಕೊಂಡು ಚಾಪೆ ಎಳೆದಳು. “ಅಲ್ಲಿ ನೋಡ್ಬೇಡಿ, ಎಷ್ಟು ಒರೆಸಿದ್ರೂ ನೀರು ನಿಲ್ಲುತ್ತೆ. ನಾನು, ನಮ್ಮತ್ತೆ, ಅವರತ್ತೆ, ಎಲ್ಲಾ ಅಲ್ಲೇ ಮಂಡಿ ಊರಿ ಬಟ್ಟೆ ಹಿಂಡಿದ್ದು.” ಸಾಹೇಬರು ಚಾಪೆಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದಿಟ್ಟು, ನೆಲದ ಮೇಲೆ ಕುಳಿತು, ಮುಚ್ಚಿದ್ದ ಪುಸ್ತಕ ಮತ್ತೆ ತೆರೆದು, ಅಳತೆಪಟ್ಟಿ ಬಿಚ್ಚಿದರು.