ಆ ಬೂತಿನ ಒಂದು ವೋಟು

ಮೆಂಬರ್ ಸೋಮವಾರ ಬೆಳಿಗ್ಗೆ ಅಂಗಡಿಯಲ್ಲೇ ತೀರಿಕೊಂಡ. ಹೃದಯ ನಿಂತುಹೋಯಿತು ಎಂದರು ಡಾಕ್ಟರು. "ಇವನು ನಿಲ್ಲೋದು ಹೊಸದಾ? ಪ್ರತಿ ಎಲೆಕ್ಷನ್‌ಗೂ ನಿಲ್ತಿದ್ದ, ಮುಂಡೇದು" ಎಂದು ಅವನ ಅಕ್ಕ ಅಳುತ್ತಲೇ ಬೈದಳು.

ಹೆಸರಿಗಷ್ಟೇ ಮೆಂಬರ್. ನಗರಸಭೆಯ ಮೆಟ್ಟಿಲು ಹತ್ತಿದ್ದು ನಾಮಪತ್ರ ಕೊಡುವುದಕ್ಕೆ ಮಾತ್ರ. ಕಸುಬಿನಲ್ಲಿ ದರ್ಜಿ. ಷರ್ಟಿಗೆ ಕಾಲರ್ ಕೂರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಡೆಪಾಸಿಟ್ ಕಳೆದುಕೊಳ್ಳುವುದರಲ್ಲೂ.

ಹರೆಯದಲ್ಲಿ ಅವನ ಅಂಗಡಿಗೆ ಕಾಜಾ ಹೊಲಿಯಲು, ಗುಂಡಿ ಹಚ್ಚಲು ಒಬ್ಬ ಹುಡುಗಿ ಬರುತ್ತಿದ್ದಳು. ಕಿಟಕಿ ಪಕ್ಕದ ಸ್ಟೂಲು ಅವಳದು. ಇವನು ಕೊರಳಿಗೆ ಟೇಪು ಹಾಕಿಕೊಂಡು ಊರು ಉದ್ಧಾರ ಮಾಡುವ ಭಾಷಣ ಬಿಗಿಯುವುದು, ಅವಳು ಹಲ್ಲಿನಲ್ಲಿ ದಾರ ಕಚ್ಚಿಕೊಂಡು ನಗುವುದು. ಅವರ ಪ್ರೇಮವೆಂದರೆ ಇಷ್ಟೇ. ಒಂದು ದಿನ ಅವಳೇ ಕೇಳಿದಳು.

"ಅಪ್ಪನ ಹತ್ರ ಯಾವಾಗ ಬರ್ತೀರಾ?"

"ದರ್ಜಿ ಅಂತ ಬಂದ್ರೆ ಬಾಗಿಲಲ್ಲೇ ಮಾತಾಡಿಸಿ ಕಳಿಸ್ತಾರೆ. ಮೆಂಬರ್ ಆಗಿ ಬರ್ತೀನಿ, ನೋಡ್ತಿರು."

"ಆಗದಿದ್ರೆ?"

"ಥೂ, ಒಳ್ಳೇ ಮಾತಾಡು."

ಸೋತ. "ಇನ್ನೊಂದೇ ಒಂದು ಎಲೆಕ್ಷನ್" ಎಂದ. ಇನ್ನೊಂದು ಎಲೆಕ್ಷನ್ ಎಂದರೆ ಐದು ವರ್ಷ ಎನ್ನುವಷ್ಟು ಲೆಕ್ಕ ಅವಳಿಗೆ ಬರುತ್ತಿತ್ತು. ಬಣ್ಣದ ಅಂಗಡಿಯವನನ್ನು ಮದುವೆಯಾಗಿ, ವಾರ್ಡಿನ ಆಚೆ ತುದಿಯ ದೊಡ್ಡ ಮನೆಗಳ ಬೀದಿಗೆ ಹೋದಳು.

ಬುದ್ಧಿ ಇದ್ದವನು ರಾಜಕೀಯಕ್ಕೆ ಅಲ್ಲೇ ಕೈ ಮುಗಿಯುತ್ತಿದ್ದ. ಇವನು ಪ್ರತಿ ಸಲವೂ ನಿಂತ. ಎಲ್ಲ ಬೀದಿ ಸುತ್ತಿದ. ಅವಳ ಬೀದಿಗೆ ಮಾತ್ರ ಕಾಲಿಡಲಿಲ್ಲ. ಅವಳ ಬಾಗಿಲಲ್ಲಿ ವೋಟು ಕೇಳಿದರೆ ಭಿಕ್ಷೆ ಬೇಡಿದ ಹಾಗೆ ಎಂಬುದು ಅವನ ಬಿಗುಮಾನ. ಆದರೂ ಆ ಬೀದಿಯ ಬೂತಿನಲ್ಲಿ ಇವನಿಗೆ ಪ್ರತಿ ಸಲ ಒಂದು ವೋಟು ಬೀಳುತ್ತಿತ್ತು. ಒಂದೇ ಒಂದು. ಅಲ್ಲಿ ಇವನಿಗೆ ಬೇರೆ ಒಂದು ನರಪಿಳ್ಳೆಯ ಪರಿಚಯವೂ ಇಲ್ಲ. ಎಣಿಕೆಯ ದಿನ ಗೆದ್ದವನು ಜನರ ಹೆಗಲೇರಿ ಹೊರಟರೆ, ಡೆಪಾಸಿಟ್ ಕಳೆದುಕೊಂಡ ಇವನು ಅವನಿಗಿಂತ ಹೆಚ್ಚು ಹಿಗ್ಗಿಕೊಂಡು ಮನೆಗೆ ಬರುತ್ತಿದ್ದ.

"ಎಷ್ಟು ಬಂತೋ?" ಎಂದು ಅಕ್ಕ ಕೇಳಿದರೆ, "ಬರಬೇಕಾದ್ದು ಬಂತು ಬಿಡಕ್ಕ."

"ಆ ಒಂದು ವೋಟು ಕಟ್ಕೊಂಡು ಸಂಸಾರ ಮಾಡು, ಹೋಗು."

ಹೆಚ್ಚುಕಡಿಮೆ ಅದನ್ನೇ ಮಾಡಿದ.

ಹೋದ ವರ್ಷ ಅವಳು ಕಾಯಿಲೆ ಬಿದ್ದು ತೀರಿಕೊಂಡಳು. ಅಂದು ಮೊದಲ ಸಲ ಆ ಬೀದಿಗೆ ಹೋದ. ಬಾಗಿಲಾಚೆಯ ಚಪ್ಪಲಿಗಳ ರಾಶಿಯ ಬಳಿ ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಹೋಗಲಾರದೆ ಹಿಂದಿರುಗಿದ. ಆಮೇಲೆ ತಿಂಗಳುಗಟ್ಟಲೆ ಅಂಗಡಿಯಲ್ಲಿ ಭಾಷಣವಿಲ್ಲ. ಜನರ ಪ್ಯಾಂಟುಗಳು ಗಿಡ್ಡವಾಗತೊಡಗಿದವು. ಅಷ್ಟರಲ್ಲಿ ಚುನಾವಣೆ ಬಂತು. ಅಭ್ಯಾಸಬಲದಿಂದ ನಿಂತ, ಅಭ್ಯಾಸಬಲದಿಂದ ಸೋತ. ಆ ಬೂತಿನಲ್ಲಿ ಮಾತ್ರ, ಅವಳಿಲ್ಲದ ಆ ಬೂತಿನಲ್ಲಿ, ಒಂದು ವೋಟು ಬಿದ್ದಿತ್ತು.

ಎಣಿಕೆಯವರನ್ನು ಎರಡೆರಡು ಸಲ ಕೇಳಿ ಬೈಸಿಕೊಂಡು, ನೆಟ್ಟಗೆ ಬಣ್ಣದ ಅಂಗಡಿಗೆ ಹೋದ. ಅವಳ ಗಂಡ ಡಬ್ಬಿಯೊಂದರ ಮುಚ್ಚಳ ಬಡಿಯುತ್ತಿದ್ದ. ಕೇಳಿದ್ದಕ್ಕೆ ತಲೆಯನ್ನೂ ಎತ್ತಲಿಲ್ಲ.

"ಅದು ನಂದು ಕಣಯ್ಯ. ಮೊದಲಿಂದಲೂ ನಂದೇ."

"ಮತ್ತೆ... ಅವರು?"

"ಅವಳಾ? ಗೆಲ್ಲೋರಿಗೆ ಹಾಕ್ತಿದ್ದಳು. ಸುಮ್ನೆ ವೋಟು ಯಾಕೆ ದಂಡ ಮಾಡೋದು ಅಂತ."

"ನೀವ್ಯಾಕೆ ಹಾಕಿದ್ರಿ?"

"ಸೊನ್ನೆ ಬಂದ್ರೆ, ಯಾಕೆ ಹಾಕಲಿಲ್ಲ ಅಂತ ಕೇಳೋಕೆ ಮನೆಗೇ ಬಂದುಬಿಡ್ತೀಯೇನೋ ಅನ್ನೋ ಭಯ. ಒಂದು ಎಸೆದ್ರೆ ಇದ್ದಲ್ಲೇ ಇರ್ತೀಯ ಅನ್ನಿಸ್ತು."

"ಇದ್ದೆನಲ್ಲ" ಎಂದ ಮೆಂಬರ್. ನಗಲು ನೋಡಿದ, ಆಗಲಿಲ್ಲ.

ಗೆದ್ದವನು ಇನ್ನೂ ದೊಡ್ಡ ಕುರ್ಚಿಗೆ ಹಾರಿದ್ದರಿಂದ ಬೇಗನೇ ಉಪಚುನಾವಣೆ ಬಂತು. ಮೆಂಬರ್ ನಾಮಪತ್ರ ಕೊಡಲಿಲ್ಲ. ಮೊನ್ನೆ ಶನಿವಾರ ಬಣ್ಣದ ಅಂಗಡಿಯವನೇ ಬಿಳಿ ಬಟ್ಟೆ ತಂದು ಇವನ ಮೇಜಿನ ಮೇಲೆ ಹರಡಿದ.

"ಈ ಸಲ ನಾನೇ ನಿಲ್ತಿದ್ದೀನಿ. ಹೆಂಡ್ತಿ ಸತ್ತೋನಿಗೆ ಜನ ಕಣ್ಮುಚ್ಚಿ ಹಾಕ್ತಾರಂತೆ, ಪಾರ್ಟಿಯವರು ಹೇಳ್ತಾರೆ. ಒಂದು ಷರ್ಟ್ ಹೊಲಿ. ಎದೆ ಮೇಲೆ ದೊಡ್ಡ ಜೇಬಿರಲಿ, ಅವಳ ಫೋಟೋ ಇಟ್ಕೋಬೇಕು. ಬಟ್ಟೆ ತೆಳ್ಳಗಿದೆ ನೋಡು, ಹೊರಗೆ ಕಾಣುತ್ತೆ."

ಬಟ್ಟೆ ಎತ್ತಿ ಅವನ ಮುಖಕ್ಕೆ ಬಿಸಾಕು ಎಂದು ಒಳಬಾಗಿಲಿನಿಂದ ಅಕ್ಕ ಸನ್ನೆ ಮಾಡಿದಳು. ಮೆಂಬರ್ ಅಳತೆ ತೆಗೆದುಕೊಂಡ. ಭಾನುವಾರವಿಡೀ ಕೂತು ಹೊಲಿದ. ಸೋಮವಾರ ಬೆಳಿಗ್ಗೆ ಇಸ್ತ್ರಿ ಹಾಕಿ, ಒಂದು ಸುಕ್ಕಿಲ್ಲದ ಹಾಗೆ ಮಡಿಸಿಟ್ಟ. ಕಾಲರ್ ಚಾಕುವಿನಂತೆ ನಿಂತಿತ್ತು. ಎದೆ ಬೋಳಾಗಿತ್ತು. ಜೇಬಿಗೆಂದು ಉಳಿದಿದ್ದ ತುಂಡನ್ನು ಹೊಲಿಯಲು ಬಾರದಷ್ಟು ಸಣ್ಣಗೆ ಕತ್ತರಿಸಿ, ಮೇಜಿನ ಕೆಳಗಿನ ಚಿಂದಿ ಮೂಟೆಗೆ ತುರುಕಿದ.