ಆಕಾಶದ ಕಬ್ಬಿಣ ಒಪ್ಪದ ಕಮ್ಮಾರ

ಭೋಜ ಎಂಬ ಊರಿನ ಕಮ್ಮಾರರೊಬ್ಬರು ಯಾವ ಕಬ್ಬಿಣ ಬಂದರೂ "ಮುರದ್ ನೋಡೂಣ್ರಿ" ಎನ್ನುತ್ತಿದ್ದರು. ಮೂಲೆ ಒಡೆದು, ಒಡೆದಲ್ಲಿ ಹೆಬ್ಬೆರಳು ಸವರಿದ ಮೇಲೆಯೇ ಕೆಲಸಕ್ಕೆ ಕೈ ಹಾಕುವುದು.

ಒಮ್ಮೆ ಕುರಿ ಕಾಯುವವನೊಬ್ಬ ಹುಲ್ಲುಗಾವಲಿನಲ್ಲಿ ಸಿಕ್ಕ ಕಬ್ಬಿಣದ ಗುಂಡು ತಂದು, ಕೊಡಲಿ ಮಾಡಿಕೊಡಲು ಕೇಳಿದ. ಒಡೆದಾಗ ಒಳಗೆ ಬೆಳ್ಳಿಯಂಥ ಚೂರುಗಳು ಹೊಳೆದವು. ವಿಜ್ಞಾನದ ಮಾಸ್ತರನಾದ ನಾನು ಅಲ್ಲೇ ಇದ್ದೆ. ಇದು ಉಲ್ಕೆಯ ತುಂಡು, ಹೊಳೆಯುವುದು ಕಬ್ಬಿಣಕ್ಕೆ ರಂಜಕ ಕೂಡಿದ ಶ್ರೈಬರ್ಸೈಟ್ ಎಂಬ ಅಪರೂಪದ ಖನಿಜ ಇರಬೇಕು, ಬಲು ಪೆಡಸು ಎಂದೆ.

"ಹಂಗಾದ್ರ ಮಾಡೇ ಬಿಡ ಕಾಕಾ, ದೇವರ ಕೊಡಲಿ ಆಗತೈತಿ," ಎಂದ ಕುರಿಯವ.

"ಒಂದ ಏಟಿಗೆ ಸಿಡದು ನಿನ್ನ ಕಣ್ಣಾಗ ಹೋಗತೈತಲೇ. ನಾ ಮಾಡಂಗಿಲ್ಲ."

"ಮ್ಯಾಲಿಂದ ಬಂದೈತಿ ಕಾಕಾ!"

"ಅಂದ್ರ ಮ್ಯಾಲೂ ಹದಾ ತಿಳೀದ ಕಮ್ಮಾರ ಒಬ್ಬ ಅದಾನ."

ಗುಂಡನ್ನು ನನ್ನ ಕೈಗಿತ್ತು, ಅವನ ಕೊಡಲಿಗೆಂದು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯೊಂದನ್ನು ಬೆಂಕಿಗಿಟ್ಟರು.